ಉದ್ದನೆಯ ಹೆಸರು

ಸಾವಿರ ವರ್ಷದ ಹಿಂದಿನ ಜರ್ಮನ್ ಅರಮನೆಯಲ್ಲಿ, ತೀರಿಕೊಂಡವರ ಹೆಸರುಗಳನ್ನು ಪುಸ್ತಕದಲ್ಲಿ ಬರೆದು ದಿನವೂ ಓದಿ ಪ್ರಾರ್ಥಿಸುವುದು ರಾಣಿಯ ಕೆಲಸ. ಹೊರನಾಡಿನಿಂದ ಸೊಸೆಯಾಗಿ ಬಂದ ಈ ರಾಣಿಗೆ ಮಾತಿಗೆ ಜೊತೆಯಾಗಿ ಉಳಿದಿದ್ದೂ ಆ ಹೆಸರುಗಳೇ. ಗಂಡ ಸದಾ ಯುದ್ಧದಲ್ಲಿ. ಇದ್ದೊಬ್ಬ ಮಗಳು ಹೆಲ್ವಿಗ್‌ಳನ್ನು ಒಂಬತ್ತನೇ ವಯಸ್ಸಿಗೇ ಪೂರ್ವದ ದೊರೆಮಗನಿಗೆ ಕೊಟ್ಟಿದ್ದರು. ಆಮೇಲೆ ಒಂದು ಓಲೆಯೂ ಬಂದಿರಲಿಲ್ಲ.

ಹತ್ತು ವರ್ಷದ ಮೇಲೆ ಪೂರ್ವದಿಂದ ಒಬ್ಬ ಪಾದ್ರಿ ಬಂದ.

“ನನ್ನ ಮಗಳು ಓಲೆ ಕೊಟ್ಟಿದಾಳಾ?” ರಾಣಿ ಎದ್ದೇ ನಿಂತಳು.

“ಇಲ್ಲ ತಾಯಿ. ನಿಮ್ಮ ಪುಸ್ತಕಕ್ಕೆ ಸೇರಿಸೋಕೆ ಒಂದು ಹೆಸರು ತಂದಿದೀನಿ. ಅನಸ್ತಾಸಿಯಾ. ಹೆರಿಗೇಲಿ ತೀರ್ಕೊಂಡ್ರು.”

ರಾಣಿ ಮತ್ತೆ ಕೂತು ಲೇಖನಿ ಅದ್ದಿದಳು.

“ಎಷ್ಟುದ್ದ ಹೆಸರಪ್ಪ, ಸಾಲಲ್ಲಿ ಹಿಡಿಯೋದೇ ಇಲ್ಲ,” ಎಂದು ಗೊಣಗುತ್ತಲೇ ದುಂಡಗೆ ಬರೆದು ಮುಗಿಸಿದಳು. “ಪಾಪ, ಯಾರು ಹೆತ್ತ ಮಗಳೋ! ಅವಳ ತಾಯಿಗೆ ಯಾರಾದ್ರೂ ಹೇಳಿದ್ರಾ?”

ಪಾದ್ರಿ ತಬ್ಬಿಬ್ಬಾದ.

“ಹೇಳೋಕೇ ಬಂದಿದೀನಿ ತಾಯಿ. ನಮ್ಮಲ್ಲಿ ಸೊಸೇನ ಮನೆ ತುಂಬಿಸಿಕೊಂಡ ದಿನ ಹೊಸ ಹೆಸರು ಇಡ್ತೀವಿ.”