ಮೂವತ್ತೇಳನೇ ಲೆವೆಲ್

ಸ್ಟೀಲ್ ಲೋಟ ಜಯಕುಮಾರನ ಬಲಗೈಯಿಂದ ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. ಅದರಲ್ಲಿ ನೀರೂ ಇರಲಿಲ್ಲ. ಫಿಸಿಯೋಥೆರಪಿಯ ದಿಲೀಪ್ ಬಗ್ಗಿ ಎತ್ತಿಕೊಟ್ಟ. ಮತ್ತೆ ಬಿತ್ತು. ದಿಲೀಪ್ ಒಮ್ಮೆ ಲೋಟವನ್ನು ನೋಡಿದ, ಒಮ್ಮೆ ತನ್ನ ಕೈಯಲ್ಲಿದ್ದ ಸುಧಳ ಫೋನನ್ನು ನೋಡಿದ.

"ಮೇಡಂ, ಇಲ್ಲಿ ಆಟ ಮೂವತ್ತೇಳನೇ ಲೆವೆಲ್ ಅಂತ ತೋರಿಸ್ತಿದೆ. ಅಲ್ಲೀವರೆಗೂ ಆಡಿರೋ ಹೆಬ್ಬೆರಳಿಗೆ ಖಾಲಿ ಲೋಟ ಭಾರ ಆಗಬಾರದು. ಇವರೇ ಆಡ್ತಿದಾರಾ?"

"ಇವ್ರೇ ಸಾರ್. ಇನ್ಯಾರು ಆಡ್ತಾರೆ?" ಎಂದಳು ಸುಧ. ಅವಳ ಗಂಡ ಜಯಕುಮಾರ ಗೋಡೆಯಲ್ಲಿದ್ದ ಬೆನ್ನುಮೂಳೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಲಕ್ವ ಹೊಡೆದ ಮೇಲೆ ಜಯಕುಮಾರನ ಕಾಲು ಬೇಗ ಮಾತು ಕೇಳಿತ್ತು, ಕೈ ಮಾತ್ರ ಹಠ ಹಿಡಿದಿತ್ತು. ಹಿಸುಕುವುದಕ್ಕೆಂದು ಕೊಟ್ಟ ಸ್ಪಂಜಿನ ಚೆಂಡನ್ನು ಅವನು ದನದ ಕೊಟ್ಟಿಗೆಗೆ ಎಸೆದಿದ್ದ. ಬೇರೆ ದಾರಿ ಕಾಣದೆ ದಿಲೀಪ್ ಫೋನಿಗೆ ಈ ಆಟ ಹಾಕಿಕೊಟ್ಟಿದ್ದ. ಬಾಯಿ ತೆರೆದು ಮುಚ್ಚುವ ಒಂದು ಹಳದಿ ಉಂಡೆ. ಹಿಂದೆ ಪೇಟೆಯ ವಿಡಿಯೋ ಗೇಮ್ ಅಂಗಡಿಗಳಲ್ಲಿ ಕಾಸು ಹಾಕಿ ಆಡುತ್ತಿದ್ದದ್ದೇ. ಬೆರಳು ಎಳೆದ ಕಡೆಗೆ ಅದು ಗೋಡೆಗೋಡೆಗಳ ನಡುವೆ ಓಡಬೇಕು, ದಾರಿಯಲ್ಲಿರುವ ಚುಕ್ಕಿಗಳನ್ನೆಲ್ಲ ತಿನ್ನಬೇಕು, ಅಟ್ಟಿಸಿಕೊಂಡು ಬರುವ ಭೂತಗಳಿಗೆ ಸಿಗಬಾರದು. ಬಲಗೈ ಹೆಬ್ಬೆರಳಲ್ಲೇ ಆಡಬೇಕು ಎಂದು ದಿಲೀಪ್ ಒತ್ತಿ ಹೇಳಿದ್ದ. ಇವತ್ತು ಕಳಿಸುವಾಗ ಇನ್ನೊಂದು ಮಾತೂ ಹೇಳಿದ. "ಈ ಮೊದಲ ಕೆಲವು ತಿಂಗಳಲ್ಲಿ ಎಷ್ಟು ಬರುತ್ತೋ ಅಷ್ಟೇ ಮೇಡಂ. ಆಮೇಲೆ ಕೈ ಬರೋದು ಬಹಳ ನಿಧಾನ."

ಶ್ರೀರಂಗಪಟ್ಟಣದಿಂದ ಪಾಲಹಳ್ಳಿಗೆ ಹೋಗುವ ಬಸ್ಸಿನಲ್ಲಿ ಸುಧ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಎಡಗೈಲಿ ಆಡಿದ್ರಾ?"

"ಇಲ್ಲ."

"ಮತ್ತೆ?"

"ಊರು ಬಂತು, ಇಳಿ."

ಜಗಲಿಯಲ್ಲಿ ಅವನ ತಾಯಿ ಅಣ್ಣಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಮಗನ ಕೈ ಹೇಗಿದೆ ಎಂದು ಕೇಳುವ ಮೊದಲೇ ಸೊಸೆಯ ಮುಂದೆ ಕೈ ಚಾಚಿದಳು. "ತತ್ತಾರವ್ವ ಫೋನ, ಚಾರ್ಜಿಗಾಕ್ತೀನಿ." ಸುಧ ಕೊಟ್ಟು ಒಳಗೆ ಹೋದಳು. ಸೀರೆ ಬದಲಿಸಿ, ಹಸುವಿಗೆ ನೀರಿಟ್ಟು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಅತ್ತೆಯ ಹೆಬ್ಬೆರಳು ಫೋನಿನ ಮೇಲೆ ಹೂ ಕಟ್ಟುವವರ ಕೈಯಂತೆ ಓಡುತ್ತಿತ್ತು. ಪಕ್ಕದಲ್ಲಿ ಜಯಕುಮಾರ ಕುತ್ತಿಗೆ ಚಾಚಿಕೊಂಡಿದ್ದ.

"ಎಡಕ್ಕೆ ಕಣವ್ವ, ಎಡಕ್ಕೆ. ಕೆಂಪು ಭೂತ ಬತ್ತಾ ಅದೆ."

"ಸುಮ್ನಿರ್ಲಾ. ಅದು ಬರಾಕ್ ಮುಂಚೆ ಈ ಸಾಲು ತಿಂದ್ಬುಡ್ತೀನಿ."

"ಅತ್ತೆ," ಎಂದಳು ಸುಧ.

ಇಬ್ಬರೂ ಬೆಚ್ಚಿದರು. ಫೋನು ಅವರೆಕಾಯಿಯ ಸಿಪ್ಪೆಯೊಳಗೆ ಬಿತ್ತು.

"ನಾನೇನ್ ಆಡಿದ್ನವ್ವ," ಅಣ್ಣಮ್ಮ ಸಿಪ್ಪೆ ಕೆದಕುತ್ತ ಹೇಳಿದಳು. "ಅವ್ನು ಏಳ್ದಂಗೆ ಬೆರಳಾಡ್ಸ್‌ದೆ, ಅಷ್ಟೆಯ."

"ಬೆರಳಾಡಿಸ್ಬೇಕಾಗಿರೋರು ಅವ್ರು ಅತ್ತೆ. ನಿಮ್ ಬೆರಳಿಗೆ ಏನಾಗದೆ? ದಿನಾ ಫೋನ್ ಮಡಗ್ಬುಟ್ಟು ಡೈರಿಗೆ ಹೋಯ್ತೀನಿ, ಹುಲ್ಲಿಗೆ ಹೋಯ್ತೀನಿ. ಎಲ್ಗಾದ್ರೂ ಅರ್ಜೆಂಟಾಗಿ ಫೋನ್ ಮಾಡ್ಬೇಕು ಅಂದ್ರೆ ಪಕ್ಕದ್ ಮನೆಯೋರ ಕೈ ಕಾಯ್ತೀನಿ. ನೀವಿಬ್ರೂ ಸೇರ್ಕಂಡು ಆ ಡಾಕ್ಟ್ರಿಗೂ ನಂಗೂ ಟೋಪಿ ಆಕ್ತಾ ಇದ್ರಿ."

"ಬುಡು ಅತ್ಲಾಗೆ," ಎಂದ ಜಯಕುಮಾರ. "ಒಂದಾಟಕ್ಕೆ ಇಷ್ಟ್ ರೇಗ್ತೀಯಲ್ಲ."

"ಆಟಕ್ಕಲ್ಲ ನಾನು ರೇಗ್ತಿರೋದು. ನಿಮ್ ಕೈಗೆ."

ಅಣ್ಣಮ್ಮ ಸಿಪ್ಪೆಯಿಂದ ಫೋನು ಹುಡುಕಿ ತೆಗೆದು, ಸೆರಗಿನಿಂದ ಒರೆಸಿ ಮುಂದೆ ಹಿಡಿದಳು. "ಇವ್ನು ಆಡಿದ್ರೆ ಒಂದ್ನೇದ್ರಲ್ಲೇ ಸಾಯ್ತದೆ ಕಣವ್ವ ಅದು. ಸಾಯ್ತದೆ, ಮತ್ತೆ ಸಾಯ್ತದೆ. ಆಗ ಇವ್ನ ಮುಖ ನೀನು ನೋಡಿಲ್ಲ. ಒಂದಿನ ಅತ್ಬುಟ್ಟ. ಅದ್ಕೇ ನಾ ಇಸ್ಕಂಡೆ."

ಸುಧಳ ಸಿಟ್ಟು ಇಳಿಯಲಿಲ್ಲ. ಯಾರ ಮೇಲೆ ಎಂಬುದು ತಿಳಿಯದೆ ಇನ್ನಷ್ಟು ಏರಿತು. ಅವಳು ಫೋನು ಇಸಿದುಕೊಂಡು ಆಟವನ್ನು ಅಳಿಸಿಹಾಕಿದಳು. ಮತ್ತೆ ಹಾಕಿದಳು. ಪರದೆಯ ಮೇಲೆ ಒಂದನೇ ಲೆವೆಲ್ ಬಂತು.

"ಅಷ್ಟೂ ಹೋಯ್ತಾ?" ಎಂದಳು ಅಣ್ಣಮ್ಮ.

"ಅಷ್ಟೂ ಹೋಯ್ತು."

ಸುಧ ಗಂಡನ ಮುಂದೆ ದಿಂಬು ಇಟ್ಟು, ಅದಕ್ಕೆ ಫೋನು ಒರಗಿಸಿ, ಅವನ ಬಲಗೈ ಎತ್ತಿ ಅದರ ಮೇಲಿಟ್ಟಳು. ಉಂಡೆ ಹೊರಟಿತು, ಗೋಡೆಗೆ ತಗುಲಿ ನಿಂತಿತು, ಭೂತಕ್ಕೆ ಸಿಕ್ಕಿ ಸತ್ತಿತು. ಮತ್ತೆ ಹೊರಟಿತು. ಸತ್ತಿತು. ಅವನ ಹಣೆಯಲ್ಲಿ ಬೆವರು ಮೂಡಿತು. "ಬ್ಯಾಡ ಬುಡೇ," ಎಂದ. "ಇನ್ನೊಂದ್ಸಲ," ಎಂದಳು ಸುಧ. ಅವಳ ಕೈಯೂ ಮುಂದೆ ಹೋಗುತ್ತಿತ್ತು. ಅದನ್ನು ಎಳೆದು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. "ಇನ್ನೊಂದ್ಸಲ."

ಅಣ್ಣಮ್ಮ ಇಬ್ಬರಿಗೂ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿದಳು. ಒಂದನೇ ಲೆವೆಲ್ಲಿನ ದಾರಿ ಅವಳಿಗೆ ಬಾಯಿಪಾಠ. ಉಂಡೆ ಚುಕ್ಕಿ ನುಂಗುವ ಸದ್ದು ಕೇಳುತ್ತ ಕಣ್ಣು ಮುಚ್ಚಿದಳು. ಮಗನ ಬೆರಳು ಇನ್ನೂ ಮೊದಲ ತಿರುವಿನಲ್ಲಿ ನಡುಗುತ್ತಿರುವಾಗ, ಅವಳ ಹೆಬ್ಬೆರಳು ಮಂಡಿಯ ಸೀರೆಯ ಮೇಲೆ ಎಡಕ್ಕೆ ಜಾರಿ, ಅಲ್ಲಿ ಅವನಿಗಾಗಿ ಕಾಯುತ್ತಿತ್ತು.