ಯಾರ ಮನೆಯ ರೊಟ್ಟಿ

ರೊಟ್ಟಿ ಮುರಿಯಲಿಲ್ಲ. ಪ್ರಭುಭೋಜನದ ಮೇಜಿನ ಮುಂದೆ ನಿಂತ ಪಾಸ್ಟರ್ ಮೊದಲು ಭಕ್ತಿಯಿಂದ ಪ್ರಯತ್ನಿಸಿದರು, ಆಮೇಲೆ ಶಕ್ತಿಯಿಂದ. ಮೂರನೇ ಸಲ ಮೇಜಿನ ಅಂಚಿಗೆ ಇಟ್ಟು ಒತ್ತಿದಾಗ ಬಂದ ಸದ್ದು ಕಡೆಯ ಬೆಂಚಿಗೂ ಕೇಳಿಸಿತು. ತಟ್ಟೆ ಬೆಂಚಿನಿಂದ ಬೆಂಚಿಗೆ ಹೋಯಿತು. ಎಲ್ಲರೂ ಒಂದೊಂದು ತುಂಡು ಬಾಯಿಗಿಟ್ಟ ಮೇಲೆ ಚರ್ಚಿನಲ್ಲಿ ಆರು ನಿಮಿಷ ಯಾರೂ ಮಾತಾಡಲಿಲ್ಲ. ಇಷ್ಟು ಗಾಢವಾದ ಮೌನವನ್ನು ತಾವು ಎಂದೂ ಕಂಡಿರಲಿಲ್ಲ ಎಂದು ಪಾಸ್ಟರ್ ಆಮೇಲೆ ಹೊಗಳಿದರು. ಅವರಿಗೂ ಆರು ನಿಮಿಷ ಬೇಕಾಗಿತ್ತು.

ಮುಂದಿನ ಬೆಂಚಿನಲ್ಲಿದ್ದ ಟೈಲ್ಸ್ ಕಾರ್ಖಾನೆಯ ಮ್ಯಾನೇಜರು ಕೆನ್ನೆ ಹಿಡಿದುಕೊಂಡು ಎದ್ದು ಹೊರಗೆ ಹೋದರು. ಹಿಂದಿನ ಬೆಂಚಿನಲ್ಲಿ ಮಾಜಿ ಬೆವತುಬಿಟ್ಟ. ಮಾಜಿ ಎಂದರೆ ಮಾಜಿ ಸ್ಟೋರ್‌ಕೀಪರ್. ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಜನರ ಬಾಯಲ್ಲಿ ಹುದ್ದೆ ಉದುರಿ ವಿಶೇಷಣ ಮಾತ್ರ ಉಳಿದಿತ್ತು. ಮರುದಿನ ಹತ್ತು ಗಂಟೆಗೆ ಅವನಿಗೆ ಇಂಟರ್‌ವ್ಯೂ, ಈ ಟೈಲ್ಸ್ ಕಾರ್ಖಾನೆಯಲ್ಲೇ, ಈ ಮ್ಯಾನೇಜರ ಮುಂದೆಯೇ. ರೊಟ್ಟಿ ಮಾಡಿದವನೂ ಅವನೇ.

ಆ ಚರ್ಚಿನಲ್ಲಿ ಪ್ರತಿ ಭಾನುವಾರದ ರೊಟ್ಟಿಯನ್ನು ಆರು ಮನೆಯವರು ಸರದಿಯ ಮೇಲೆ ಮಾಡಿ ತರುತ್ತಾರೆ. ಯಾರ ಮನೆಯದು ಎಂದು ಹೇಳುವಂತಿಲ್ಲ, ಕೇಳುವಂತಿಲ್ಲ. ಯಾರಿಗೂ ಜಂಬ ಬರಬಾರದು ಅಂತ. ಹಿಂದಿನ ವಾರದ್ದು ಹತ್ತಿಯ ಹಾಗೆ ಮೆತ್ತಗಿತ್ತು. ಎಲ್ಲರೂ ಹೊಗಳುವಾಗ ಮ್ಯಾನೇಜರು ಎಷ್ಟು ವಿನಯದಿಂದ ತಲೆ ತಗ್ಗಿಸಿ ಕೂತಿದ್ದರು ಎಂದರೆ, ಅದು ಯಾರ ಮನೆಯದೆಂದು ತೊಡೆಯ ಮೇಲಿನ ಕೂಸಿಗೂ ಗೊತ್ತಾಯಿತು. ಈ ವಾರ ಮಾಜಿಯ ಮನೆಯ ಸರದಿ. ನರ್ಸ್ ಆಗಿದ್ದ ಹೆಂಡತಿಗೆ ಶನಿವಾರ ರಾತ್ರಿ ಡ್ಯೂಟಿ ಇತ್ತು. "ಮನೇಲೇ ಇರ್ತೀರಲ್ಲಾ, ನೀವೇ ಮಾಡ್ಬಿಡಿ" ಎಂದು ಹೇಳಿ ಹೋಗಿದ್ದಳು. ಉಗುರುಬೆಚ್ಚಗಿನ ನೀರಿಗೆ ಹಾಕಬೇಕಾದ ಯೀಸ್ಟನ್ನು ಮಾಜಿ ಕುದಿಯುವ ನೀರಿಗೆ ಹಾಕಿದ. ಯೀಸ್ಟ್ ಸತ್ತಿತು, ಹಿಟ್ಟು ಉಬ್ಬಲಿಲ್ಲ. ಎಂಟು ತಿಂಗಳಿಂದ ಆ ಮನೆಯಲ್ಲಿ ಯಾರೂ ಉಬ್ಬಿರಲಿಲ್ಲವಾದ್ದರಿಂದ ಅವನಿಗೆ ಅದೇನೂ ವಿಶೇಷ ಅನಿಸಲಿಲ್ಲ.

ಅವರ ಮನೆಯಲ್ಲಿ ಊಟಕ್ಕೆ ಮುಂಚೆ ಇಬ್ಬರೂ ಒಂದೊಂದು ವಿಷಯಕ್ಕೆ ದೇವರಿಗೆ ಸ್ತೋತ್ರ ಹೇಳಬೇಕು. ಹೇಳಿದ್ದನ್ನೇ ಮತ್ತೆ ಹೇಳುವಂತಿಲ್ಲ. ಕೆಲಸ ಹೋದಾಗಿನಿಂದ ಮಾಜಿ ಫ್ಯಾನು, ಚಮಚ, ಬಕೆಟ್ಟು ಎಲ್ಲ ಮುಗಿಸಿ ಕಿಟಕಿಯ ಕೊಕ್ಕೆಗೆ ಬಂದು ನಿಂತಿದ್ದ.

"ಇವತ್ತು ಯಾವುದಕ್ಕೆ?" ಚರ್ಚಿನಿಂದ ಬಂದು ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು.

"ರೊಟ್ಟಿ ಯಾರು ಮಾಡಿದ್ದು ಅಂತ ಯಾರಿಗೂ ಗೊತ್ತಾಗ್ಲಿಲ್ವಲ್ಲ, ಅದಕ್ಕೆ."

"ದೇವರಿಗೆ ಗೊತ್ತು ಕಣ್ರೀ."

"ನಾಳೆ ಇಂಟರ್‌ವ್ಯೂ ಮಾಡೋದು ದೇವರಲ್ವಲ್ಲೇ."

"ಹಾಗಿದ್ರೆ ಒಂದು ತುಂಡು ಜೇಬಲ್ಲಿ ಇಟ್ಕೊಂಡು ಹೋಗಿ. ಟೈಲ್ಸಿಗೆ ಹೊಸ ಸ್ಯಾಂಪಲ್ಲು ಅಂತ ಕೆಲಸ ಕೊಟ್ರೂ ಕೊಡ್ತಾರೆ" ಎಂದು ಅವಳು ಕಣ್ಣು ಮುಚ್ಚಿ ತನ್ನ ಪಾಲಿನದನ್ನು ಹೇಳಿದಳು: "ನನ್ನ ಹಲ್ಲೆಲ್ಲ ಇನ್ನೂ ಬಾಯಲ್ಲೇ ಇವೆ ದೇವರೇ, ಸ್ತೋತ್ರ."

ಸೋಮವಾರ ಮ್ಯಾನೇಜರ ಎಡಗೆನ್ನೆ ಒಳ್ಳೆ ಯೀಸ್ಟ್ ಹಾಕಿದಂತೆ ಉಬ್ಬಿತ್ತು. ಎರಡು ದಿನ ಬಾಯಿ ಬಿಡಬೇಡಿ ಎಂದು ಹಲ್ಲಿನ ಡಾಕ್ಟರು ಹೇಳಿದ್ದರಂತೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ತಳ್ಳುತ್ತಿದ್ದರು. ಭಟ್ಟಿಯಿಂದ ಬಂದ ಟೈಲ್ಸಿನಲ್ಲಿ ಬಿರುಕು, ಸೊಟ್ಟ ಹುಡುಕಿ ಬದಿಗಿಡುವ ಕೆಲಸ ಅದು. ನಾಲ್ಕು ಚೀಟಿಗಳನ್ನು ಮಾಜಿ ಸಲೀಸಾಗಿ ದಾಟಿದ. ಐದನೆಯದರಲ್ಲಿ, "ತಪ್ಪು ನಿಮ್ಮದೇ ಆಗಿದ್ದರೂ ಹೇಳುತ್ತೀರಾ?" ಎಂದಿತ್ತು.

"ಖಂಡಿತ ಹೇಳ್ತೀನಿ ಸರ್."

ಆರನೆಯ ಚೀಟಿ ಬಂತು: "ಉದಾಹರಣೆ?"

ಮಾಜಿ ಆ ಕೆನ್ನೆಯನ್ನು ನೋಡಿದ. ಇಂಥ ಪ್ರಶ್ನೆಗೆಂದೇ ಎರಡು ಸುಳ್ಳು ಉದಾಹರಣೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಎರಡನ್ನೂ ಬದಿಗಿಟ್ಟ. ಬಾಯಿ ಬಿಡಬಾರದವರು ಆ ಕಡೆ, ಬಾಯಿ ಬಿಡಬೇಕಾದವನು ಈ ಕಡೆ.

"ನಿನ್ನೆಯ ರೊಟ್ಟಿ ನಂದೇ ಸರ್. ನಮ್ಮ ಮನೆಯವಳು ಮಾಡಿದ್ದಲ್ಲ, ನಾನೇ ಮಾಡಿದ್ದು. ತಪ್ಪಾಯ್ತು, ದಯವಿಟ್ಟು ಹೊಟ್ಟೆಗೆ ಹಾಕ್ಕೊಳ್ಳಿ."

ಮ್ಯಾನೇಜರು ಬರೆದರು: "ಅದೇ ಆಗಲಿಲ್ಲ."

ಮಾಜಿ ಫೈಲು ಎತ್ತಿಕೊಂಡು ಎದ್ದ. ಬಾಗಿಲಿನ ಹಿಡಿಕೆಗೆ ಕೈ ಹಾಕಿದಾಗ ಹಿಂದೆ ಮೇಜು ತಟ್ಟಿದ ಸದ್ದಾಯಿತು. ಮ್ಯಾನೇಜರು ಬರೆಯುತ್ತಿದ್ದರು, ಬರೆದದ್ದನ್ನು ಹೊಡೆದುಹಾಕುತ್ತಿದ್ದರು, ಮತ್ತೆ ಬರೆಯುತ್ತಿದ್ದರು. ಕೊನೆಗೆ, ಮೇಜಿನ ಬಳಿಗೆ ವಾಪಸು ಬಂದ ಮಾಜಿಯ ಮುಂದೆ ತಳ್ಳಿದ ಚೀಟಿಯಲ್ಲಿ ಒಂದೇ ಸಾಲು ಉಳಿದಿತ್ತು: "ಹೋದ ವಾರದ್ದು ಬೇಕರಿಯದು."

ಅವನು ಓದಿ ತಲೆ ಎತ್ತುವಷ್ಟರಲ್ಲಿ ಅದನ್ನು ಕಿತ್ತುಕೊಂಡು, ನಾಲ್ಕು ಮಡಿಕೆ ಮಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು. ಇನ್ನೊಂದು ಕೊಟ್ಟರು: "ಗುರುವಾರ ಎಂಟು ಗಂಟೆಗೆ ಕೆಲಸಕ್ಕೆ ಬನ್ನಿ. ಖಾಲಿ ಕೈಯಲ್ಲಿ."

ಕೆಲಸ ಸಿಕ್ಕಿದ ಮೇಲೂ ಜನ ಅವನನ್ನು ಮಾಜಿ ಅಂತಲೇ ಕರೆಯುತ್ತಿದ್ದರು. ಐದು ವಾರ ಕಳೆದು ಸರದಿ ಸುತ್ತಿಕೊಂಡು ಮತ್ತೆ ಮ್ಯಾನೇಜರ ಮನೆಗೆ ಬಂತು. ಆ ಭಾನುವಾರ ಬಟ್ಟೆ ಸರಿಸಿದಾಗ ತಟ್ಟೆಯಲ್ಲಿದ್ದದ್ದು ಒಂದು ಕಡೆ ಕರಿಕಾಗಿ ಇನ್ನೊಂದು ಕಡೆ ಸೊಟ್ಟಗಾದ ರೊಟ್ಟಿ. ಪಾಸ್ಟರ್ ಈ ಸಲ ಕೈಯಲ್ಲಿ ಪ್ರಯತ್ನಿಸಲು ಹೋಗಲಿಲ್ಲ, ನೇರ ಮೇಜಿನ ಅಂಚಿಗೇ ಒತ್ತಿದರು. ಚರ್ಚು ಮತ್ತೆ ಮೌನವಾಯಿತು. ಮುಂದಿನ ಬೆಂಚಿನಲ್ಲಿ ಮ್ಯಾನೇಜರು, ಎರಡು ಬೆರಳಿಗೆ ಸುಟ್ಟ ಗಾಯದ ಪಟ್ಟಿ ಸುತ್ತಿಕೊಂಡು, ತಲೆ ಎತ್ತಿ ಕೂತು, ಬಲದವಡೆಯಲ್ಲಿ ನಿಧಾನವಾಗಿ ಅಗಿಯುತ್ತಿದ್ದರು.