ಕಡೇ ಪಂಕ್ತಿ

“ಬೋರ್ಡಿನ ಮೇಲೆ ನಿನ್ನ ಹೆಸರಾ? ಥೂ, ಕೇಳೋಕೆ ನಾಚಿಕೆ ಆಗಲ್ವಾ!”

ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಅಣ್ಣ ಸೌಟು ಕುಕ್ಕಿದ. ಅಪ್ಪ ಬಿಟ್ಟುಹೋದ ಮದುವೆ ಅಡುಗೆಯ ಗುತ್ತಿಗೆಯನ್ನು ಅಣ್ಣ ತಂಗಿ ಹನ್ನೆರಡು ವರ್ಷದಿಂದ ನಡೆಸುತ್ತಿದ್ದರು. ಬೋರ್ಡಿನಲ್ಲಿ ಮಾತ್ರ ಅವನೊಬ್ಬನ ಹೆಸರಿತ್ತು.

“ಕೆಲಸಕ್ಕೆ ಇಬ್ಬರು, ಹೆಸರಿಗೆ ಒಬ್ಬನಾ ಅಣ್ಣ?”

“ಅಪ್ಪ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಉಣ್ಣಿಸಿ ರುಚಿ ಕಲಿಸ್ದ. ನಿನಗೇನು ಕಲಿಸ್ದ? ಎಲ್ಲರೂ ಉಂಡೆದ್ದ ಮೇಲೆ ತಳ ಕೆರ್ಕೊಂಡು ತಿಂದೋಳು ನೀನು!”

“ಹೌದು, ತಿಂದೆ. ಇನ್ನು ಸಾಕು.”

ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಕೊಡವಿ ಅವಳು ಹೊರಟಳು. “ಹೋಗು ಹೋಗು, ನೀನಿಲ್ದೆ ಒಲೆ ಉರಿಯಲ್ವಾ?” ಎಂದು ಅಣ್ಣ ನಕ್ಕ.

ಅಷ್ಟರಲ್ಲಿ ಅಡುಗೆಯವನು ಬಂದ. “ಯಜಮಾನ್ರೇ, ಮೊದಲ ಪಂಕ್ತಿ ಏಳ್ತಾ ಇದೆ. ಮುಂದಕ್ಕೆ ಎಷ್ಟು ಸೇರು ಅಕ್ಕಿ ಹಾಕ್ಲಿ?”

“ನನ್ನ ಕೇಳ್ತೀಯಲ್ಲೋ! ಯಾವಾಗ್ಲೂ ಹಾಕೋಷ್ಟೇ ಹಾಕು.”

“ಒಂದೊಂದು ಮದುವೇಲಿ ಒಂದೊಂದು ಥರ ಸ್ವಾಮಿ. ಜನ ಉಣ್ಣೋದು ನೋಡಿ ಅಕ್ಕೋರೇ ಹೇಳ್ತಿದ್ರು. ಒಂದು ದಿನಾನೂ ಅನ್ನ ಸಾಲದೆ ಹೋಗಿಲ್ಲ, ಮಿಕ್ಕೂ ಇಲ್ಲ.”

ಅಣ್ಣ ಗೇಟಿನವರೆಗೂ ಓಡಿದ. “ಏಯ್, ನಿಲ್ಲೇ! ಬರೀ ಕಣ್ಣಲ್ಲೇ ಹೇಗೆ ಅಳೀತೀಯ, ಅಷ್ಟಾದ್ರೂ ಹೇಳಿ ಹೋಗು!”

ಅವಳು ತಿರುಗಿ ನೋಡಲಿಲ್ಲ.

“ಮನೇಲಿ ಎಲ್ಲರೂ ಉಂಡ ಮೇಲೆ ನನಗೆ ಉಳಿಯುತ್ತಾ ಅಂತ ಬಾಗಿಲ ಸಂದೀಲಿ ನಿಂತು ಇಪ್ಪತ್ತು ವರ್ಷ ನೋಡಿದ್ದೀನಿ ಕಣಣ್ಣ. ಇವತ್ತಿಂದ ನೀನೂ ಕಡೇ ಪಂಕ್ತೀಲಿ ಕೂತು ನೋಡು,” ಎಂದು ನಡೆದವಳು ಮತ್ತೆ ಬರಲಿಲ್ಲ.